ವಾಷರ್ ಮೋಟರ್ ಬಿಚ್ಚುವ ಮುಂಚೆ ಒಂದು ಬಲ್ಬ್ ಹಿಡಿದು ನೋಡಿ

ಮುಂಗಾರು ಹಿಡಿಯಿತು ಅಂದರೆ ನಮ್ಮ ಅಂಗಡಿಗೆ ಬರುವ ದೂರು ಒಂದೇ. "ಗ್ಲಾಸಿಗೆ ನೀರು ಹೊಡೀತಿಲ್ಲ ಕಣಣ್ಣ, ಸ್ವಲ್ಪ ನೋಡು." ನಾನು ಹಾಸನದಲ್ಲಿ ಕಾರ್ ಎಲೆಕ್ಟ್ರಿಷಿಯನ್. ಶಿರಾಡಿ ಘಾಟಿ ಹತ್ತಿಳಿದ ಗಾಡಿಗಳು ನಮ್ಮ ಕಡೆಗೇ ಬರುತ್ತವೆ. ಘಾಟಿಯಲ್ಲಿ ಮುಂದಿನ ಲಾರಿಯ ಟೈರು ಕೆಸರು ಎರಚುತ್ತಿರುತ್ತದೆ. ಜೋರು ಮಳೆ ಇದ್ದರೆ ಅದೇ ತೊಳೆದುಕೊಂಡು ಹೋಗುತ್ತದೆ. ಜಿಟಿಜಿಟಿ ಮಳೆಯಲ್ಲೇ ಕಷ್ಟ. ವೈಪರ್ ಒಂದು ಸಲ ಆಡಿದರೆ ಸಾಕು, ಕೆಸರು ಗ್ಲಾಸಿಗೆಲ್ಲ ಬಳಿದುಕೊಂಡು ಎದುರಿಗೆ ಏನೂ ಕಾಣುವುದಿಲ್ಲ. ಆ ತಿರುವಿನಲ್ಲಿ ಸ್ಟೇರಿಂಗ್ ಪಕ್ಕದ ವೈಪರ್ ಲಿವರ್ ಎಳೆದಾಗ ನೀರು ಬರಲೇಬೇಕು.

ಈಗೀಗ ಜನ ಬರಿಗೈಯಲ್ಲಿ ಬರುವುದಿಲ್ಲ. ವೀಡಿಯೋ ನೋಡಿ, ಆನ್‌ಲೈನಲ್ಲಿ ವಾಷರ್ ಮೋಟರ್, ಅಂದರೆ ಗ್ಲಾಸಿಗೆ ನೀರು ಹೊಡೆಯುವ ಪುಟ್ಟ ಪಂಪು, ತರಿಸಿ, ಮನೆಯಲ್ಲೇ ಹಾಕಿ, ಆಮೇಲೂ ನೀರು ಬರದಿದ್ದಾಗ ನಮ್ಮ ಹತ್ತಿರ ಬರುತ್ತಾರೆ. ಮನೆಯಲ್ಲಿ ಹಾಕಿಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನಿಜವಾಗಿ ಇದು ಮನೆಯಲ್ಲೇ ಆಗುವ ಕೆಲಸ. ಮೋಟರಿಗೆ ಕೆಲವು ನೂರು ರೂಪಾಯಿ. ಸ್ಕ್ರೂಡ್ರೈವರ್, ಹತ್ತು ನಂಬರ್ ಸ್ಪ್ಯಾನರ್, ಬಟ್ಟೆ, ಬಕೆಟ್ ಇದ್ದರೆ ಮುಗಿಯಿತು. ಆದರೆ ಸತ್ತಿರುವುದು ಮೋಟರೇ ಹೌದಾ ಅಂತ ಹೆಚ್ಚಿನವರು ನೋಡುವುದೇ ಇಲ್ಲ. ಹೌದು ಅಂತ ಗೊತ್ತಾದ ಮೇಲೂ ಅದು ಯಾಕೆ ಸತ್ತಿತು ಅಂತ ಕೇಳುವುದಿಲ್ಲ. ಎರಡನೆಯದನ್ನು ಕೇಳದಿದ್ದರೆ ಹೊಸ ಮೋಟರೂ ಅದೇ ದಾರಿ ಹಿಡಿಯುತ್ತದೆ.

ಮೊದಲ ಕೆಲಸ ಕಿವಿಗೆ. ಗ್ಲಾಸಿನ ಮೇಲೆ ಒಂದು ಮಗ್ ನೀರು ಹಾಕಿ. ಒಣ ಗ್ಲಾಸಿನ ಮೇಲೆ ವೈಪರ್ ಉಜ್ಜಿದರೆ ದೂಳಿಗೆ ಗೀರು ಬೀಳುತ್ತದೆ. ಬಾನೆಟ್ ಮುಚ್ಚಿಯೇ ಇರಲಿ. ಲಿವರ್ ಎಳೆದಾಗ ನೀರಿನ ಜತೆ ವೈಪರೂ ಏಳುತ್ತದೆ, ಬಾನೆಟ್ ಎತ್ತಿದ್ದರೆ ಕೆಲವು ಗಾಡಿಗಳಲ್ಲಿ ವೈಪರ್ ತೋಳು ತಾಗಿ ಬಣ್ಣ ಕಿತ್ತುಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಫ್ಯಾನು, ರೇಡಿಯೋ ಬಂದ್ ಮಾಡಿ. ಮನೆಯವರೊಬ್ಬರು ಒಳಗೆ ಕೂತು ಲಿವರ್ ಎಳೆಯಲಿ. ನೀವು ಮುಂದಿನ ಬಂಪರಿನ ಮೂಲೆಯಲ್ಲಿ ಕಿವಿಯಿಡಿ. ಬಹಳಷ್ಟು ಗಾಡಿಗಳಲ್ಲಿ ವಾಷರ್ ಟ್ಯಾಂಕ್ ಅಲ್ಲೇ, ಚಕ್ರದ ಮುಂದೆ, ಲೈನಿಂಗ್ (ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆ) ಹಿಂದೆ ಅಡಗಿರುತ್ತದೆ. ಮೇಲೆ ಕಾಣುವುದು ಅದರ ಮುಚ್ಚಳ ಮಾತ್ರ.

"ಗುಂಯ್" ಅಂತ ಸದ್ದು ಬಂತಾ? ಹಾಗಾದರೆ ಮೋಟರ್ ತಿರುಗುತ್ತಿದೆ. ಅದನ್ನು ಮುಟ್ಟಬೇಡಿ. ಟ್ಯಾಂಕಲ್ಲಿ ನೀರಿದೆಯಾ ನೋಡಿ, ಪೈಪ್ ನೋಡಿ, ಗ್ಲಾಸಿಗೆ ನೀರು ಚಿಮ್ಮುವ ತೂತು, ಅಂದರೆ ನಾಜಲ್, ನೋಡಿ.

ಸಕಲೇಶಪುರದ ಕಡೆಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಹೊಸ ಮೋಟರ್ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಬಂದಿದ್ದರು.

"ಏನಪ್ಪಾ, ಇದನ್ನ ಹಾಕಿಕೊಡೋಕೆ ಎಷ್ಟು ತಗೋತೀಯ?"

"ಪ್ಯಾಕೆಟ್ ಒಡೀಬೇಡಿ ಸಾರ್. ಒಂದ್ಸಲ ಲಿವರ್ ಎಳೀರಿ."

ಸದ್ದು ಚೆನ್ನಾಗಿಯೇ ಬಂತು. ಬಾನೆಟ್ ಕೆಳಗಿನ ಫೋಮ್ ಶೀಟ್ ಪಕ್ಕದಲ್ಲಿ ಪೈಪ್ ಹಿಡಿದು ಬೆರಳು ಆಡಿಸುತ್ತಾ ಹೋದೆ. ನಾಜಲ್‌ಗೆ ಒಂದು ಗೇಣು ಮುಂಚೆ ಪೈಪು ಅರ್ಧ ಮಾಯ. ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಪಕ್ಕದಲ್ಲಿ ಫೋಮಿನ ಚೂರುಗಳ ಗೂಡು. ಇಲಿ. ಕಾಫಿ ತೋಟದ ಮನೆಯ ಶೆಡ್ಡಲ್ಲಿ ಗಾಡಿ ನಿಂತಿರುತ್ತದೆ, ಮಳೆಗಾಲದಲ್ಲಿ ಇಲಿಗೂ ಬೆಚ್ಚಗಿನ ಜಾಗ ಬೇಕಲ್ವಾ. ಕಡಿದ ಜಾಗ ಕತ್ತರಿಸಿ, ಪ್ಲಾಸ್ಟಿಕ್ ಜಾಯಿಂಟ್ ಹಾಕಿ, ಪಕ್ಕದ ವೈರುಗಳೂ ಸರಿಯಿವೆಯಾ ಅಂತ ನೋಡಿ ಕಳಿಸಿದೆ. ಮೇಷ್ಟ್ರು ಮೋಟರ್ ವಾಪಸ್ ಮಾಡಿದರು.

ಸದ್ದೇ ಬರಲಿಲ್ಲ ಅಂದರೆ ಫ್ಯೂಸ್. ಫ್ಯೂಸ್ ಬಾಕ್ಸಿನ ಮುಚ್ಚಳದ ಹಿಂದೆ ಚಿತ್ರ ಇರುತ್ತದೆ. ಕೆಂಪು ಇದ್ದರೆ 10 ಆಂಪ್, ನೀಲಿ ಇದ್ದರೆ 15. ಸುಟ್ಟಿದ್ದರೆ ಅದೇ ನಂಬರಿನದ್ದು ಹಾಕಿ. ಮತ್ತೆ ಹೋಯಿತು ಅಂದರೆ ಮೋಟರ್ ಜಾಮ್ ಆಗಿದೆ, ಇಲ್ಲವೇ ವೈರ್ ಎಲ್ಲೋ ಗಾಡಿಯ ಬಾಡಿ ತಗಡಿಗೆ ತಾಗುತ್ತಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವುದು ಬೇಡವೇ ಬೇಡ. ಆಮೇಲೆ ಸುಡುವುದು ವೈರು.

ಫ್ಯೂಸ್ ಸರಿಯಿದ್ದರೆ ಬಲ್ಬಿನ ಕೆಲಸ. ನಾನು ಕೆಲಸ ಕಲಿತ ಅಂಗಡಿಯ ಮೇಸ್ತ್ರಿ ಬಲ್ಬ್ ಹಚ್ಚದೆ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. ಹಳೇ ಇಂಡಿಕೇಟರ್ ಬಲ್ಬ್, 21 ವ್ಯಾಟಿನದ್ದು, ಅದಕ್ಕೆ ಎರಡು ವೈರ್ ಬೆಸುಗೆ ಹಾಕಿದರೆ ಟೆಸ್ಟ್ ಲ್ಯಾಂಪ್ ರೆಡಿ. ಮೋಟರಿಗೆ ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್, ಕಳಚಿ, ಅದರ ಎರಡು ಪಿನ್ನಿಗೂ ಬಲ್ಬಿನ ವೈರ್ ಹಿಡಿದು, ಒಳಗಿದ್ದವರಿಗೆ ಲಿವರ್ ಎಳೆಯಲು ಹೇಳಿ. ಬಲ್ಬ್ ಪೂರ್ತಿ ಉರಿದರೆ ಸಪ್ಲೈ, ಅರ್ಥ್, ಸ್ವಿಚ್ ಎಲ್ಲ ಸರಿ. ಮೋಟರ್ ಹೋಗಿದೆ. ಬಲ್ಬ್ ಉರಿಯಲೇ ಇಲ್ಲ ಅಂದರೆ ಎಷ್ಟು ಹೊಸ ಮೋಟರ್ ಹಾಕಿದರೂ ಅಷ್ಟೇ.

ಮಲ್ಟಿಮೀಟರ್ ಇದ್ಯಲ್ಲ, ಅದು ಸಾಲದಾ ಅಂತ ಹುಡುಗರು ಕೇಳುತ್ತಾರೆ. ಸಾಲದು. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಪ್ಲರ್ ಒಳಗೆ ಹಸಿರು ಕಿಲುಬು ಹಿಡಿದು, ವೈರಿನ ಒಂದೆರಡು ಎಳೆ ಮಾತ್ರ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಮೋಟರಿಗೆ ಬೇಕಾಗಿರುವುದು ಆಂಪ್ ಲೆಕ್ಕದ ಕರೆಂಟು. ಅದು ಆ ಒಂದೆರಡು ಎಳೆಯಲ್ಲಿ ಬರುವುದಿಲ್ಲ. 21 ವ್ಯಾಟಿನ ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪ್ ಎಳೆಯುತ್ತದೆ. ವೈರ್ ಕೆಟ್ಟಿದ್ದರೆ ಬಲ್ಬ್ ಮಂಕಾಗಿ ಹೇಳಿಬಿಡುತ್ತದೆ. ಎಲ್‌ಇಡಿ ಟೆಸ್ಟರ್ ಕೂಡ ಮೀಟರಿನ ಹಾಗೇ ಮೋಸ ಮಾಡುತ್ತದೆ. ಈ ಒಂದು ವಿಷಯ ವಾಷರಿಗೆ ಮಾತ್ರ ಅಲ್ಲ, ಹಾರ್ನು, ಫ್ಯಾನು, ಪವರ್ ವಿಂಡೋ ಎಲ್ಲಕ್ಕೂ ಆಗುತ್ತದೆ.

ಮೋಟರೇ ಹೋಗಿದೆ ಅಂತ ಖಾತ್ರಿಯಾಯಿತಾ, ಇನ್ನು ಬಿಚ್ಚಿ. ಟ್ಯಾಂಕ್ ಹೆಚ್ಚೂಕಡಿಮೆ ಖಾಲಿ ಇರುವ ದಿನ ನೋಡಿಕೊಳ್ಳಿ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಚಕ್ರ ಬಿಚ್ಚದೆಯೇ ಲೈನಿಂಗ್ ಅರ್ಧ ಮಡಚಿ ಕೈ ತೂರಿಸಬಹುದು. ಜಾಗ ಸಾಲದೆ ಜ್ಯಾಕ್ ಹಾಕಿದರೆ ಕೆಳಗೆ ಸ್ಟ್ಯಾಂಡ್ ಕೊಡಿ. ಕಲ್ಲು, ಇಟ್ಟಿಗೆ ನಂಬಬೇಡಿ. ಲೈನಿಂಗಿನ ಕ್ಲಿಪ್‌ಗಳು ಹಳೇ ಗಾಡಿಯಲ್ಲಿ ಮುರಿಯುತ್ತವೆ, ಮುರಿದೇ ಮುರಿಯುತ್ತವೆ. ನಾಲ್ಕು ಕ್ಲಿಪ್ ಜಾಸ್ತಿಯೇ ತಂದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಮೋಟರನ್ನು ಯಾವ ಸ್ಕ್ರೂ ಹಿಡಿದಿರುವುದಿಲ್ಲ. ಟ್ಯಾಂಕಿನ ತಳದ ಹತ್ತಿರ ಒಂದು ರಬ್ಬರ್ ಬುಷ್, ಅದರೊಳಗೆ ಮೋಟರಿನ ಮೂತಿ ಬಿಗಿಯಾಗಿ ಕೂತಿರುತ್ತದೆ, ಅಷ್ಟೇ. ಮೇಲ್ಗಡೆಯನ್ನು ಟ್ಯಾಂಕಿನಿಂದ ಸ್ವಲ್ಪ ದೂರ ಬಾಗಿಸಿ, ಅಲ್ಲಾಡಿಸುತ್ತಾ ಎಳೆಯಿರಿ. ಉಳಿದ ನೀರು ತೋಳಿನೊಳಕ್ಕೇ ಬರುತ್ತದೆ, ಸಿಟ್ಟಾಗಬೇಡಿ. ಪೈಪ್ ಗಟ್ಟಿಯಾಗಿದ್ದರೆ ಜಗ್ಗಬೇಡಿ. ಬಿಸಿನೀರಿನ ಬಟ್ಟೆ ಸುತ್ತಿ ಒಂದು ನಿಮಿಷ ಬಿಟ್ಟರೆ ಮೆತ್ತಗಾಗಿ ತಾನೇ ಬರುತ್ತದೆ.

ಈಗ ಹಳೇ ಮೋಟರನ್ನು ಎಸೆಯುವ ಮುಂಚೆ ಅದರ ಬಾಯಿ ನೋಡಿ, ಬುಷ್ಷಿನೊಳಗಿನ ಜಾಲರಿ ನೋಡಿ. ಸಾವಿನ ಕಾರಣ ಅಲ್ಲೇ ಇರುತ್ತದೆ. ಜಾಲರಿ ತುಂಬ ಲೋಳೆ ಇದ್ದರೆ ಅದು ಶಾಂಪೂ. ಒಂದು ರೂಪಾಯಿಯ ಸ್ಯಾಷೆ ಸುರಿದು, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ಪಾಚಿ ಥರ ಲೋಳೆ ಕಟ್ಟುತ್ತದೆ. ಬಿಳಿ ಪುಡಿ ಇದ್ದರೆ ಅದು ಗಡಸು ನೀರು. ಹಾಸನ ಪಟ್ಟಣಕ್ಕೆ ಹೇಮಾವತಿ ನೀರಿದೆ, ಪರವಾಗಿಲ್ಲ. ಬೋರ್‌ವೆಲ್ ನೀರು ತುಂಬಿಸುವ ಗಾಡಿಗಳಲ್ಲಿ ಗೀಸರ್ ಕಾಯಿಲ್ ಮೇಲೆ ಕೂರುವಂಥ ಪದರ ಜಾಲರಿಯಲ್ಲೂ, ನಾಜಲಲ್ಲೂ ಕೂತಿರುತ್ತದೆ. ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನು ಉಳಿತಾಯ ಅಂತ ತುಂಬುವವರೂ ಇದ್ದಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರು ಸೋಸಿ ಹಾಕಿ, ಮಳೆ ನೀರು ಹಾಕಿ, ಅದು ಮೆದು. ಹಸಿರು ಬಣ್ಣ ಕಂಡರೆ ಯಾರೋ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ನೀರು, ಸುರಿದಿದ್ದಾರೆ. ವಾಷರ್ ಮುಚ್ಚಳದ ಮೇಲೆ ಗ್ಲಾಸಿಗೆ ನೀರು ಚಿಮ್ಮುವ ಚಿತ್ರ ಇರುತ್ತದೆ, ನೋಡಿ ಹಾಕಬೇಕು.

ಏನೂ ಇಲ್ಲದೆ ಸ್ವಚ್ಛವಾಗಿದ್ದರೆ, ನಾನು ಕಂಡಂತೆ, ಒಣಗಿ ಓಡಿ ಸತ್ತಿದೆ. ನೀರು ಖಾಲಿಯಾದ ಮೇಲೂ ಲಿವರ್ ಎಳೆಯುತ್ತಲೇ ಇದ್ದರೆ ಒಳಗಿನ ಸೀಲ್ ಬಿಸಿಯಾಗಿ ಸವೆಯುತ್ತದೆ. ಆಮೇಲೆ ನೀರು ಮೋಟರೊಳಕ್ಕೆ ಇಳಿದು ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಹಾಳು ಮಾಡುತ್ತದೆ. ಜನ ನೋಡುವ ವೀಡಿಯೋಗಳಲ್ಲಿ ಹಲವು ಚಳಿ ದೇಶದವು. ಅಲ್ಲಿ ನೀರು ಹೆಪ್ಪುಗಟ್ಟಿ ಮೋಟರ್ ಒಡೆಯುತ್ತದೆ, ಅದಕ್ಕೇ ಅವರು ಆಲ್ಕೋಹಾಲ್ ಇರುವ ಲಿಕ್ವಿಡ್ ಹಾಕಿ ಅನ್ನುತ್ತಾರೆ. ಹಾಸನದ ಡಿಸೆಂಬರಿಗೆ ಅದೆಲ್ಲ ಬೇಕಿಲ್ಲ.

ಹೊಸದು ತರುವಾಗ ಹಳೆಯದನ್ನು ಜೇಬಲ್ಲಿಟ್ಟುಕೊಂಡು ಹೋಗಿ. ಹಿಂದಿನ ಗ್ಲಾಸಿಗೂ ವೈಪರ್ ಇರುವ ಎಷ್ಟೋ ಗಾಡಿಗಳಲ್ಲಿ ಒಂದೇ ಮೋಟರಿಗೆ ಎರಡು ಮೂತಿ ಇರುತ್ತದೆ. ಒಂದು ಕಡೆ ತಿರುಗಿದರೆ ಮುಂದೆ ನೀರು, ಉಲ್ಟಾ ತಿರುಗಿದರೆ ಹಿಂದೆ. ಸ್ವಿಚ್ಚು ಪ್ಲಸ್ ಮೈನಸ್ ಅದಲುಬದಲು ಮಾಡುತ್ತದೆ. ಕಪ್ಲರ್ ಹೊಂದಲಿಲ್ಲ ಅಂತ ವೈರ್ ಕತ್ತರಿಸಿ ಜೋಡಿಸಿದವರ ಗಾಡಿ ಒಂದು ಬಂದಿತ್ತು. ಮುಂದಿನ ಲಿವರ್ ಎಳೆದರೆ ಹಿಂದಿನ ಗ್ಲಾಸ್ ತೊಳೆಯುತ್ತಿತ್ತು. ವೈರ್ ತಿರುಗಿಸಿದೆ, ಸರಿಹೋಯಿತು. ಪೈಪ್, ವೈರ್ ಬಿಚ್ಚುವ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಂಡಿದ್ದರೆ ಈ ತಾಪತ್ರಯವೇ ಇಲ್ಲ.

ಹಳೇ ಬುಷ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ. ಟ್ಯಾಂಕಿನ ತಳ ತೊಳೆಯಿರಿ, ಲೋಳೆ ಬಿಟ್ಟು ಹೊಸ ಮೋಟರ್ ಹಾಕಿ ಏನು ಪ್ರಯೋಜನ? ಬುಷ್ಷನ್ನು ನೀರಲ್ಲಿ ಅದ್ದಿ ಒತ್ತಿದರೆ ಸಲೀಸಾಗಿ ಕೂರುತ್ತದೆ. ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಲೈನಿಂಗ್ ಮುಚ್ಚುವ ಮುಂಚೆಯೇ ಟ್ಯಾಂಕ್ ತುಂಬಿಸಿ, ಬುಷ್ ಸುತ್ತ ಟಿಶ್ಯೂ ಕಾಗದ ಒತ್ತಿಟ್ಟು ಒಂದು ಕಾಫಿ ಕುಡಿದು ಬನ್ನಿ. ಕಾಗದ ನೆನೆಯದೆ ಇದ್ದರೆ ಕ್ಲಿಪ್ ಹಾಕಿ.

ಕೊನೆಗೆ ನಾಜಲ್. ಒಳಗೆ ಸಣ್ಣ ಗುಂಡು ಇರುವ ಹಳೇ ಮಾದರಿಯಾದರೆ ಗುಂಡುಸೂಜಿ ತೂರಿಸಿ ದಿಕ್ಕು ತಿರುಗಿಸಬಹುದು. ಬೀಸಣಿಗೆ ಥರ ಹರಡಿ ಹೊಡೆಯುವ ಹೊಸ ಮಾದರಿಗೆ ಸೂಜಿ ಹಾಕಬೇಡಿ, ಬಿಚ್ಚಿ ವಿನೆಗರಲ್ಲಿ ನೆನೆಹಾಕಿ. ಗಾಡಿ ನಿಂತಾಗ ನೀರು ಗ್ಲಾಸಿನ ಮಧ್ಯಕ್ಕಿಂತ ತುಸು ಮೇಲೆ ಬೀಳುವ ಹಾಗೆ ಇಡಿ. ಹೈವೇ ವೇಗದಲ್ಲಿ ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ.