3400ರ ಗುಡ್ಡ ಕೊನೆಗೂ ಮಲಗಿತು

ಬೀಮ್‌ಟೈಮ್ (ನ್ಯೂಟ್ರಾನ್ ಕಿರಣ ಬಳಸಲು ಕೊಡುವ ಸಮಯ) ಸಿಕ್ಕಿದ್ದು, ವೀಸಾ, ಸೇಫ್ಟಿ ಫಾರ್ಮು ಇತ್ಯಾದಿ ಎಲ್ಲರಿಗೂ ಗೊತ್ತಿರುವ ಗೋಳು, ಬಿಡಿ. ಈ ಸಲ ಬರೀ ನೀರಿನ ಕತೆ.

ಇಂಗ್ಲೆಂಡಿನ ಐಸಿಸ್ ಎಂಬ ನ್ಯೂಟ್ರಾನ್ ಕೇಂದ್ರದಲ್ಲಿ, ನ್ಯೂಟ್ರಾನ್ ಚದುರುವುದನ್ನು ಅಳೆಯುವ ಸ್ಯಾನ್ಸ್-2ಡಿ ಉಪಕರಣದ ಮುಂದೆ ನಮ್ಮ ಹಾಲಿನ ಪ್ರೋಟೀನು ಕೇಸೀನ್ ಭಾರಜಲದಲ್ಲಿ ಕೂರಬೇಕು. ಭಾರಜಲ ಅಂದರೆ ಸಾದಾ ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಇರುವ ನೀರು. ಸಾದಾ ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ದಿಕ್ಕಾಪಾಲು ಚದುರಿಸುತ್ತದೆ: ಸುಮಾರು 80 ಬಾರ್ನ್ (ಎಷ್ಟು ಚದುರಿಸುತ್ತದೆ ಅನ್ನೋದರ ಅಳತೆ). ಡ್ಯೂಟೀರಿಯಂ 2 ಬಾರ್ನ್ ಅಷ್ಟೇ. ಸಾದಾ ನೀರು ಬೆರೆತಷ್ಟೂ ಹಿನ್ನೆಲೆ ಗದ್ದಲ ಜಾಸ್ತಿ. ಅಲ್ಲಿಗೇ ಹೋಗಿ ಕಲಸಬಹುದಲ್ವಾ ಅನ್ನಬೇಡಿ. ಬೀಮ್ ಹಗಲು ರಾತ್ರಿ ಓಡುತ್ತದೆ, ನಾವು ಕಲಸುತ್ತ ಕೂತರೆ ಅದು ಕಾಯುವುದಿಲ್ಲ.

ಹಾಗಾಗಿ ಹೊರಗಿನ ತೇವ ತಾಗದಂತೆ ಅಕ್ರಿಲಿಕ್ ಗ್ಲವ್‌ಬಾಕ್ಸ್ (ಗ್ಲವ್ಸ್ ಮೂಲಕ ಕೈಹಾಕಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಕಟ್ಟಿ, ಒಣ ನೈಟ್ರೋಜನ್ ಬಿಟ್ಟು, ಧಾರವಾಡದಲ್ಲೇ ಬಾಟಲಿ ತುಂಬಲು ಶುರು ಮಾಡಿದೆವು. ಹೊರಗೆ ಜಿಟಿಜಿಟಿ ಮಳೆ. ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಎಫ್‌ಟಿಐಆರ್ ಯಂತ್ರಕ್ಕೆ ಹಾಕಿದರೆ, ಗ್ರಾಫಿನಲ್ಲಿ 3400ರ (cm⁻¹) ಹತ್ತಿರ ಗುಡ್ಡ! ಭಾರಜಲಕ್ಕೆ ಸಾದಾ ನೀರು ಸೇರಿದೆ ಅಂತ ಅದರ ಅರ್ಥ. ಅಂಚಿಗೆಲ್ಲ ಮತ್ತೆ ಸಿಲಿಕೋನ್ ಬಳಿದೆವು, ಗ್ಲವ್ಸ್ ಬದಲಿಸಿದೆವು, ಸಿಲಿಕಾ ಜೆಲ್ ಹುರಿದು ಹಾಕಿದೆವು. ಗುಡ್ಡ ಅಲುಗಲಿಲ್ಲ. ಪುಡಿಯ ತೇವವೇ ಇರಬಹುದು ಅಂತ ಬರೀ ಭಾರಜಲ ಇಟ್ಟು ನೋಡಿದರೆ ಅದರಲ್ಲೂ ಗುಡ್ಡ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮಾತ್ರ ಅದು ಗಿಡ್ಡ.

ಆಮೇಲೆ ಸಿಲಿಂಡರಿನಿಂದ ಬಾಕ್ಸಿಗೆ ಬರುವ ಟ್ಯೂಬನ್ನು ಅರ್ಧಕ್ಕೆ ಕತ್ತರಿಸಿದೆವು. ಗುಡ್ಡ ಇಳಿಯಿತು! ಅದು ಸಿಲಿಕೋನ್ ಟ್ಯೂಬು. ಗಾಳಿಯ ತೇವ ಅದರ ಗೋಡೆಯೊಳಗಿಂದಲೇ ನುಸುಳುತ್ತದೆ. ಒಳಗಿನ ಗ್ಯಾಸ್ ಒಣಗಿದ್ದಷ್ಟೂ ಬೇಗ. ನಾವು ಕೇಳಿದ್ದು ಟೆಫ್ಲಾನ್. ಅಂಗಡಿಯವರು ಕಟ್ಟಿಕೊಟ್ಟಿದ್ದು ಇದನ್ನ. ಫೋನ್ ಮಾಡಿದರೆ, "ಎಲ್ಲಾ ಒಂದ ಪೈಪ್ ಬಿಡ್ರಿ ಸರ್." ಬಿಲ್ಲಿನಲ್ಲಿ ಮಾತ್ರ ಎರಡೂ ಒಂದಲ್ಲ.

ಪರಿಹಾರ ಸಿಕ್ಕಿದ್ದು ಹುಬ್ಬಳ್ಳಿಯ ಫ್ರಿಜ್ ರಿಪೇರಿ ಅಂಗಡಿಯಲ್ಲಿ. ಮೆಕ್ಯಾನಿಕ್ ಕೇಳಿ ನಕ್ಕರು: "ಗ್ಯಾಸಿನ್ಯಾಗ ನೀರು ಹೊಕ್ಕರ ಕಂಪ್ರೆಸರ್ ಹೋಗ್ತದ್ರೀ. ಅದಕ್ಕ ನಾವು ತಾಮ್ರಾನ ಹಾಕೋದು." ಕಾಲು ಇಂಚಿನ ತಾಮ್ರದ ಸುರುಳಿ, ಎರಡು ಫ್ಲೇರ್ ನಟ್ಟು. ತುದಿಯನ್ನು ಅವರೇ ಅಗಲಿಸಿ ಕೊಟ್ಟರು. ಜೋಡಿಸಿ, ನೈಟ್ರೋಜನ್ ಹರಿಸಿ ಬಾಕ್ಸ್ ತೊಳೆದು, ಮತ್ತೆ ತುಂಬಿದೆವು. ಹೊರಗೆ ಧೋ ಅಂತ ಮಳೆ. 3400ರಲ್ಲಿ ಹೆಚ್ಚುಕಡಿಮೆ ಬಯಲು. ಇಷ್ಟು ಸಾಕು.

ಈ ಖುಷಿಯಲ್ಲೇ ತಲೆಗೆ ಇನ್ನೊಂದು ಹುಳ ಹೊಕ್ಕಿದೆ: ಪೇಢೆ. ಸುಮಾರು 42% ಭಾರಜಲ ಬೆರೆಸಿದ ನೀರಿನಲ್ಲಿ ಪ್ರೋಟೀನು ನ್ಯೂಟ್ರಾನ್ ಕಣ್ಣಿಗೆ ಮಾಯ. ಆಗ ಕಾದ ಖೋವಾದ ಕೊಬ್ಬನ್ನಷ್ಟೇ ನೋಡಬಹುದು. ಅದಕ್ಕೆ ಇಂಗ್ಲೆಂಡ್ ಯಾಕೆ, ನ್ಯೂಟ್ರಾನ್ ಸಿಗುವ ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರಿಗೇ ಅರ್ಜಿ ಹಾಕೋಣ ಅಂತಿದ್ದೇವೆ. ಸಕ್ಕರೆ ಕರಗಿ ಪೇಢೆಯೇ ಸಡಿಲಾಗದಂತೆ ಆ ನೀರು ಕುಡಿಸುವುದು ಹೇಗೆ ಅನ್ನೋದೇ ತಲೆನೋವು. ಜೊತೆಗೆ 1 ಮಿ.ಮೀ. ಬಿಲ್ಲೆ ಕತ್ತರಿಸಬೇಕು. ಬ್ಲೇಡ್ ಇಟ್ಟರೆ ಪುಡಿಪುಡಿ. ಫ್ರೀಜರಿನಲ್ಲಿಟ್ಟು ಕತ್ತರಿಸಿ ನೋಡಿದವರಿದ್ದರೆ ಹೇಳಿ. ಪುಡಿಯಾದದ್ದನ್ನು ಲ್ಯಾಬಿನ ಹುಡುಗರು ಉಳಿಸುತ್ತಿಲ್ಲ.