ಕೈ ಹದ ಇರುವಾಗ ಗಣಿತ ಯಾಕೆ?

"ಪುಡಿಗೆ ನೀರು ಚಿಮುಕಿಸಿ ಉಂಡೆ ಕಟ್ಟೋಕೂ ಗಣಿತ ಬೇಕಾ? ಅನುಭವಸ್ಥರು ಮುಷ್ಟಿಯಲ್ಲಿ ಹಿಡಿದು ನೋಡಿ, ಹದ ಬಂತು ಅಂತ ಹೇಳಿಬಿಡ್ತಾರಲ್ಲ?" ವೆಟ್ ಗ್ರ್ಯಾನ್ಯುಲೇಷನ್‌ಗೆ ಗಣಿತದ ಮಾಡೆಲ್ ಕಟ್ಟುವುದು ನನ್ನ ಕೆಲಸ ಎಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮಾತ್ರೆ, ಗೊಬ್ಬರ, ಡಿಟರ್ಜೆಂಟ್‌ನ ನುಣ್ಣನೆ ಪುಡಿಯನ್ನು ದೂಳೇಳದಂತೆ, ಸರಾಗವಾಗಿ ಜಾರುವಂತೆ ಸಣ್ಣ ಗ್ರ್ಯಾನ್ಯೂಲ್‌ಗಳಾಗಿ ಕಟ್ಟುವ ಕ್ರಮ ಅದು.

ಕೈ ಹದವನ್ನು ನಾನೂ ನಂಬುತ್ತೇನೆ. ಆದರೆ ಕೈ ಪಳಗಿರುವುದು ಒಂದು ಮಿಕ್ಸರಿಗೆ. ಅದೇ ಆಕಾರದ, ಎಲ್ಲ ಅಳತೆಯಲ್ಲೂ ಎರಡು ಪಟ್ಟಿನ ಮಿಕ್ಸರಿಗೆ ಹೋದಿರಿ ಅನ್ನಿ. ಪುಡಿ 8 ಪಟ್ಟು, ನೀರೂ 8 ಪಟ್ಟು. ಅಷ್ಟನ್ನೂ ಮೊದಲಿನಷ್ಟೇ ಹೊತ್ತಿನಲ್ಲಿ ಸಿಂಪಡಿಸಬೇಕು. ಸ್ಪ್ರೇ ಬೀಳುವ ಅಗಲ ಮಾತ್ರ 2 ಪಟ್ಟು. ಪುಡಿ ಅದರಡಿ ಸಾಗುವ ವೇಗ ಹಿಂದಿನದೇ. ಅಂದರೆ ಪ್ರತಿ ಚದರ ಸೆಂಟಿಮೀಟರ್ ಪುಡಿಯ ಮೇಲೆ 4 ಪಟ್ಟು ಹನಿ. ಇದನ್ನು ಅಳೆಯುವ ಸಂಖ್ಯೆಗೆ ಸ್ಪ್ರೇ ಫ್ಲಕ್ಸ್ ಎನ್ನುತ್ತಾರೆ: ಹನಿಗಳು ಒಟ್ಟಾರೆ ಮುಚ್ಚಬಲ್ಲ ಜಾಗ, ಅಷ್ಟರಲ್ಲಿ ಅಡಿಯಲ್ಲಿ ಹಾದುಹೋಗುವ ಪುಡಿಯ ಜಾಗದ ಎಷ್ಟು ಪಾಲು ಎಂಬ ಲೆಕ್ಕ. ಅದು 0.2 ಇದ್ದಾಗ ಸ್ಪ್ರೇ ಅಡಿಯಲ್ಲಿ ಹಾದುಹೋಗುವ ಮೇಲ್ಮೈಯಲ್ಲಿ ಶೇ 18ರಷ್ಟು ನೆನೆಯುತ್ತದೆ, 0.8 ಆದರೆ ಶೇ 55. ಹನಿಯ ಮೇಲೆ ಹನಿ ಬಿದ್ದು ಕೆಸರಿನ ಮುದ್ದೆ ಆಗುತ್ತದೆ, ಪಕ್ಕದಲ್ಲೇ ಒಣ ಪುಡಿ ಉಳಿದಿರುತ್ತದೆ. ಇಲ್ಲಿ ಬೈಂಡರ್, ಅಂದರೆ ಕಣಗಳನ್ನು ಅಂಟಿಸುವ ಪದಾರ್ಥ, ಬದಲಿಸಿ ಪ್ರಯೋಜನವಿಲ್ಲ. ನಾಜಲ್ ಹೆಚ್ಚಿಸಬೇಕು, ಇಲ್ಲವೇ ನಿಧಾನವಾಗಿ ಸಿಂಪಡಿಸಬೇಕು. ಹನಿಯನ್ನು ಇನ್ನೂ ಸಣ್ಣದು ಮಾಡಿದರೆ ಸರಿಹೋಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಅಷ್ಟೇ ನೀರನ್ನು ಸಣ್ಣ ಹನಿಗಳಾಗಿ ಒಡೆದರೆ ಅವು ಮುಚ್ಚುವ ಜಾಗ ಹೆಚ್ಚುತ್ತದೆ, ಫ್ಲಕ್ಸ್ ಏರುತ್ತದೆ!

ನೆನೆದ ಮೇಲಿನ ಕಥೆ ಡಿಕ್ಕಿಯದು. ಎರಡು ಒದ್ದೆ ಗ್ರ್ಯಾನ್ಯೂಲ್ ಎದುರಾದಾಗ ನಡುವಿನ ದ್ರವದ ಪೊರೆ ಹಿಂಡಿಕೊಳ್ಳುತ್ತದೆ. ಅದರ ಸ್ನಿಗ್ಧತೆ ಡಿಕ್ಕಿಯ ಶಕ್ತಿಯನ್ನೆಲ್ಲ ನುಂಗಿದರೆ ಎರಡೂ ಅಂಟುತ್ತವೆ, ಇಲ್ಲವಾದರೆ ಪುಟಿದು ದೂರವಾಗುತ್ತವೆ. ಸಂಶೋಧಕರಾದ ಎನಿಸ್, ಟಾರ್ಡೋಸ್, ಫೆಫರ್ 1991ರಲ್ಲಿ ಇದನ್ನು ಸ್ಟೋಕ್ಸ್ ಸಂಖ್ಯೆಯಾಗಿ ಬರೆದರು: ಡಿಕ್ಕಿಯ ರಭಸ ಒಂದೆಡೆ, ಪೊರೆಯ ಸ್ನಿಗ್ಧತೆ ಇನ್ನೊಂದೆಡೆ. ಸಂಖ್ಯೆ ಒಂದು ಮಿತಿ ದಾಟಿದರೆ ಗ್ರ್ಯಾನ್ಯೂಲ್‌ಗಳು ಅಂಟದೆ ಪುಟಿಯುತ್ತವೆ. ಗ್ರ್ಯಾನ್ಯೂಲ್ ದೊಡ್ಡದಾದಷ್ಟೂ ಆ ಸಂಖ್ಯೆ ಏರುತ್ತದೆ. ಹಾಗಾಗಿ ಬೆಳವಣಿಗೆಯೇ ಒಂದು ಹಂತದಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಮಾತು ಇದೇ.

ಒಂದೊಂದು ಕಣವನ್ನೂ ಕಂಪ್ಯೂಟರಿನಲ್ಲಿ ಹಿಂಬಾಲಿಸಬಹುದಲ್ಲ ಎನ್ನುವವರಿದ್ದಾರೆ. 100 ಮೈಕ್ರಾನ್ ಕಣಗಳ ಒಂದು ಕಿಲೋ ಪುಡಿ ಎಂದರೆ ಸುಮಾರು ನೂರು ಕೋಟಿ ಕಣ. ಅದಕ್ಕೇ ನಾವು ಗಾತ್ರವಾರು ಲೆಕ್ಕ ಇಡುತ್ತೇವೆ: ಈ ಗಾತ್ರಕ್ಕೆ ಎಷ್ಟು ಹೊಸದಾಗಿ ಸೇರಿದವು, ಎಷ್ಟು ಒಡೆದುಹೋದವು, ಎಷ್ಟು ಕೂಡಿಕೊಂಡು ದೊಡ್ಡ ಗಾತ್ರಕ್ಕೆ ಜಾರಿದವು. ಪಾಪ್ಯುಲೇಷನ್ ಬ್ಯಾಲೆನ್ಸ್ ಎಂದರೆ ಇದೇ. ಅದರ ಬೇರು, ಕಣಗಳು ಕೂಡಿಕೊಳ್ಳುವ ಬಗ್ಗೆ ಭೌತವಿಜ್ಞಾನಿ ಸ್ಮೊಲುಕೋವ್ಸ್ಕಿ ಬರೆದ 1916ರ ಸಮೀಕರಣದಲ್ಲಿದೆ.

ಕಷ್ಟ ಇರುವುದು ಕರ್ನೆಲ್‌ನಲ್ಲಿ, ಅಂದರೆ ಯಾವ ಎರಡು ಗಾತ್ರ ಎಷ್ಟು ಬೇಗ ಕೂಡುತ್ತವೆ ಎನ್ನುವ ಅಂಶದಲ್ಲಿ. ಅದರ ಸ್ಥಿರಾಂಕಗಳನ್ನು ಬಹುಮಟ್ಟಿಗೆ ಪ್ರಯೋಗದ ಅಂಕಿಗಳಿಗೆ ಹೊಂದಿಸಿಯೇ ಪಡೆಯಬೇಕು. ಹೊಂದಿಸಿದ್ದೆಲ್ಲ ಹೊಂದುತ್ತದೆ, ಆದ್ದರಿಂದ ಕೆಲವು ಬ್ಯಾಚ್‌ಗಳನ್ನು ಮುಟ್ಟದೆ ಬದಿಗಿಟ್ಟು, ಕೊನೆಗೆ ಅವುಗಳ ಮೇಲೆ ಮಾಡೆಲನ್ನು ಪರೀಕ್ಷಿಸುತ್ತೇನೆ. ಅಲ್ಲಿ ತಪ್ಪಿತೆಂದರೆ ನೇರ ಮಿಕ್ಸರಿನ ಹತ್ತಿರ ಹೋಗಿ, ಮುಷ್ಟಿಯಲ್ಲಿ ಹದ ನೋಡುವವರನ್ನೇ ಕೇಳುತ್ತೇನೆ: ಹಿಂಡಿದಾಗ ಅಂಗೈ ಒದ್ದೆಯಾಯಿತೇ, ಮುರಿದರೆ ಒಳಗೆ ಒಣಗಿತ್ತೇ? ಮೇಲ್ಮೈಯಲ್ಲಿ ಎಷ್ಟು ದ್ರವ ಉಳಿದಿದೆ ಎಂಬುದು ಅಲ್ಲಿಂದ ತಿಳಿಯುತ್ತದೆ.