ಬಣ್ಣದ ಕೆಳಗಿನ ತುಕ್ಕು

ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪಟ್ಟಿ, ಇವತ್ತು ಕೆರೆದು ನೋಡಿದೆ. ಬಣ್ಣದಡಿ ದಪ್ಪ ಪುಟ್ಟಿ, ಪುಟ್ಟಿಯಡಿ ತಗಡೇ ಇಲ್ಲ, ಬರೀ ತುಕ್ಕಿನ ಪುಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರಬೇಕು, ಅದರಲ್ಲೂ ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಈ ಸಿಲ್‌ಗಳೇ ಬೆನ್ನುಮೂಳೆ, ಇವು ಹೋದರೆ ಕಾರು ನಡುವೆ ಬಾಗಿ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಅಂಥ ಜಾಗಕ್ಕೆ ಪುಟ್ಟಿ ಬಳಿಯುವುದಾ? ನಿಜಕ್ಕೂ ಸಿಟ್ಟು ಬಂತು.

ವೈರಿಂಗ್ ಕಥೆಯೂ ಅಷ್ಟೇ. 1962ರಲ್ಲಿ ಈ ಮಾಡೆಲ್ ಬಂದಾಗ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ತಗಡಿಗೆ ಜೋಡಿಸಿ ಅರ್ಥಿಂಗ್ ಮಾಡಿರುತ್ತಿದ್ದರು. ನನ್ನ ಕಾರಿನಲ್ಲಿ ಯಾರೋ ಅದನ್ನು ನೆಗೆಟಿವ್‌ಗೆ ಬದಲಿಸಿದ್ದಾರೆ, ಆದರೆ ಎಲ್ಲೂ ಒಂದು ಚೀಟಿ ಅಂಟಿಸಿಲ್ಲ. ಕಾರಿನ ಹಳೇ ಕೈಪಿಡಿ ನೋಡಿ ಬ್ಯಾಟರಿಯನ್ನು ಉಲ್ಟಾ ಜೋಡಿಸಿದವರ ಗತಿ ಏನು?

ಆದರೆ ಎಂಜಿನ್‌ಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಎರಡೂ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಮಾತ್ರ ಚೊಕ್ಕವಾಗಿ ಹೊಂದಿಸಿದ್ದಾರೆ, ಎಂಜಿನ್ ಸದ್ದು ಕೇಳಿದರೇ ಗೊತ್ತಾಗುತ್ತದೆ. ಹಳೇ ಓನರ್‌ಗೆ ಈ ಕಾರಿನ ಮೇಲೆ ಪ್ರೀತಿ ಇರಲಿಲ್ಲ ಅಂತ ಹೇಗೆ ಹೇಳಲಿ? ಓಡಿಸುವ ಆಸೆ ಜಾಸ್ತಿ ಇತ್ತು, ವೆಲ್ಡಿಂಗ್‌ಗೆ ದುಡ್ಡು ಹೊಂದಲಿಲ್ಲವೇನೋ.

ನಾಳೆ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬಿಗಿದು, ಬಾಡಿ ಕುಸಿಯದಂತೆ ನೋಡಿಕೊಂಡು, ಆಮೇಲೆ ಸಿಲ್ ಕತ್ತರಿಸಬೇಕು.